ಸೋಮಕ್ಕನ ಮನೆ ಬಿಡದ ವಾರಿಜಕ್ಕ

ವಾರಿಜಕ್ಕನ ಒಳಲಂಗಗಳ ದೆಸೆಯಿಂದ ನಾಲ್ಕು ಮಂದಿ ಥಾಯ್ ಹೆಂಗಸರು ಬಹಳ ದಿನ ತಮ್ಮದೇ ಹಿತ್ತಲಿಗೆ ಊರು ಸುತ್ತಿ ಹೋಗಬೇಕಾಯಿತು. ಮಲೇಷ್ಯಾದ ಪುಚೊಂಗ್‌ನ ಆ ಸಾಲುಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದ ಮರುದಿನವೇ ವಾರಿಜಕ್ಕ ಹಿತ್ತಲಿನ ಈ ಗೋಡೆಯಿಂದ ಆ ಗೋಡೆಗೆ, ತಮ್ಮ ಕೈಗೆ ಎಟಕುವ ಎತ್ತರದಲ್ಲಿ ನೈಲಾನ್ ಹಗ್ಗ ಬಿಗಿದು, ಒಗೆದ ಲಂಗಗಳನ್ನು ಬಾವುಟದಂತೆ ಹಾರಿಸಿದರು. ವಾಷಿಂಗ್ ಮೆಷಿನ್ ಇದ್ದದ್ದು ಆ ಹಗ್ಗದಾಚೆ. ಥಾಯ್ ಜನರ ಲೆಕ್ಕದಲ್ಲಿ ಮೈಯಲ್ಲಿ ತಲೆ ಎಂದರೆ ದೇವರ ಜಾಗ, ಪಾದ ಎಂದರೆ ಕಸದ ಜಾಗ. ಸೊಂಟದ ಕೆಳಗೆ ಉಡುವ ಬಟ್ಟೆಯ ಅಡಿಯಲ್ಲಿ ತಲೆ ತೂರಿಸಿಕೊಂಡು ಓಡಾಡುವುದು ಆಗದ ಮಾತು. ಹಾಗಂತ ಹೊಸದಾಗಿ ಬಂದ ಹಿರಿಯ ಹೆಂಗಸಿಗೆ ‘ನಿನ್ನ ಲಂಗ ಕೆಳಗಿಳಿಸು’ ಎನ್ನುವುದು ಇನ್ನೂ ಆಗದ ಮಾತು. ಆದ್ದರಿಂದ ಅವರು ಬಟ್ಟೆಯ ಬುಟ್ಟಿ ಹಿಡಿದು ಮುಂಬಾಗಿಲಿನಿಂದ ಹೊರಟು, ಸಾಲಿನ ಕೊನೆಯ ಮನೆಯನ್ನು ಬಳಸಿ, ಹಿಂದಿನ ಓಣಿಯಲ್ಲಿ ನಡೆದು, ಹಿತ್ತಲ ಗೇಟಿನಿಂದ ಒಳಬರುತ್ತಿದ್ದರು. ದಾರಿಯಲ್ಲಿ ವಾರಿಜಕ್ಕ ಸಿಕ್ಕರೆ ನಗುತ್ತಿದ್ದರು.

“ನಾನು ಎಂತ ಅಂದುಕೊಂಡೆ ಗೊತ್ತುಂಟಾ ನಾಣಿಯವರೇ?” ಎಂದು ಅವರೇ ನನಗೆ ಆಮೇಲೆ ಹೇಳಿದರು. “ಪಾಪ, ಇವರಿಗೆ ವಾಕಿಂಗ್ ಹುಚ್ಚು, ಬಟ್ಟೆ ಬುಟ್ಟಿ ಹಿಡ್ಕೊಂಡೇ ವಾಕಿಂಗ್ ಮಾಡ್ತಾರೆ ಅಂತ.”

ಕೊನೆಗೆ ಆ ಮನೆಯ ಎಲ್ಲರಿಗಿಂತ ಚಿಕ್ಕವಳಾದ ಕುಂಗ್ ಎಂಬವಳು ಸೊಂಟದೆತ್ತರಕ್ಕೆ ಇನ್ನೊಂದು ಹಗ್ಗ ಕಟ್ಟಿ, ತನ್ನದೊಂದು ಸ್ಕರ್ಟನ್ನು ಅದರ ಮೇಲೆ ಹರವಿ, ವಾರಿಜಕ್ಕನನ್ನು ನೋಡಿ ನಕ್ಕು ಒಳಗೆ ಹೋದಳಂತೆ. ವಾರಿಜಕ್ಕನಿಗೆ ಅರ್ಥವಾಯಿತು.

“ಬಾಯಿ ಇರ್ಲಿಲ್ವಾ? ಮೊದಲೇ ಹೇಳಬಹುದಿತ್ತಲ್ಲ?” ಎಂದೆ ನಾನು.

“ಹೇಳಿದ್ರೆ ನನಗೆ ಬೇಜಾರಾಗ್ತದಲ್ಲ ಅಂತ ಅವರಿಗೆ ಬೇಜಾರು. ನಮ್ಮವರ ಹಾಗಲ್ಲ ಮಾರಾಯ್ರೆ. ನಮ್ಮವರಿಗೆ ಹೇಳದಿದ್ರೆ ಬೇಜಾರು.”

ವಾರಿಜಕ್ಕ ಕಟಪಾಡಿಯವರು. ಮಣಿಪಾಲದಲ್ಲಿ ನರ್ಸಾಗಿದ್ದು, ಆಮೇಲೆ ಇಲ್ಲಿನ ಖಾಸಗಿ ಮೆಡಿಕಲ್ ಕಾಲೇಜೊಂದರಲ್ಲಿ ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳಲು ಬಂದವರು. ವಯಸ್ಸು ಐವತ್ತು ದಾಟಿದೆ. ಮದುವೆಯಾಗಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಬಳಗದಲ್ಲಿ ಯಾರಿಗೂ ಇರಲಿಲ್ಲ. ಒಬ್ಬರು ಕೇಳಿದ್ದರಂತೆ, “ನಿಮ್ಮದು ಯಾಕೆ ಆಯ್ತು ಅಂತ ನಾನು ಕೇಳಿದ್ದೇನಾ?” ಎಂಬ ಉತ್ತರ ಬಂದ ಮೇಲೆ ಆ ಗಂಡ ಹೆಂಡತಿ ಬಹಳ ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

ಪುಚೊಂಗ್‌ನಲ್ಲಿ ನಮ್ಮದೊಂದು ಕನ್ನಡ ಗೆಳೆಯರ ಬಳಗವಿದೆ. ನಾನು ಅದರ ಕಾರ್ಯದರ್ಶಿ. ಮನೆಯಲ್ಲಿ ಪ್ರಿಂಟರ್ ಇದ್ದವನು ನಾನೊಬ್ಬನೇ ಎಂಬುದನ್ನು ಬಿಟ್ಟರೆ ಈ ಆಯ್ಕೆಗೆ ಬೇರೆ ಕಾರಣ ನನಗೆ ತಿಳಿದಿಲ್ಲ. ಬಳಗದ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ನಮ್ಮ ಕಾಂಡೊದ ಹಾಲ್‌ನಲ್ಲಿ ವಾರಿಜಕ್ಕ ಕನ್ನಡ ಕಲಿಸುತ್ತಿದ್ದರು. ಬ್ರಿಕ್‌ಫೀಲ್ಡ್ಸ್‌ನ ಭಾರತೀಯ ಅಂಗಡಿಯಿಂದ ತಾವೇ ಸ್ಲೇಟು, ಬಳಪ ತಂದಿದ್ದರು. ಅವರ ದನಿ ಲಿಫ್ಟಿನಲ್ಲಿ ಬರುವವರಿಗೂ ಪಾಠ ಮಾಡುತ್ತಿತ್ತು. ಮಲೇಷ್ಯಾದಲ್ಲೇ ಬೆಳೆದ ನಮ್ಮ ಮಕ್ಕಳು ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುವ ತಳಿ. ಅಂಥವರ ಬಾಯಲ್ಲಿ ‘ಅಳಿಲು’ ಎಂಬುದನ್ನು ನಾಲಿಗೆ ಮಡಚಿ ಹೇಳಿಸಿದವರು ಅವರು. ವಾರವೆಲ್ಲ ಆಸ್ಪತ್ರೆ, ಹುಡುಗಿಯರು, ಪರೀಕ್ಷೆ ಎಂದು ಸುಸ್ತಾಗುತ್ತಿದ್ದ ಹೆಂಗಸು ಭಾನುವಾರ ಮಾತ್ರ ಮಡಿಕೆ ಮುರಿಯದ ಸೀರೆ ಉಟ್ಟು, ಮಕ್ಕಳಿಗಿಂತ ಮೊದಲೇ ಬಂದು ಕಾಯುತ್ತಿದ್ದರು. ಆ ಕ್ಲಾಸೊಂದನ್ನು ಬಿಟ್ಟು ಈ ಊರಿನಲ್ಲಿ ತಮ್ಮದು ಎನ್ನುವುದು ಅವರಿಗೆ ಏನೂ ಇರಲಿಲ್ಲ.

ಅವರು ಮೊದಲು ಒಂದು ಕನ್ನಡ ಕುಟುಂಬದ ಜೊತೆ ಇದ್ದರು. ಆ ಕುಟುಂಬ ಬೆಂಗಳೂರಿಗೆ ವಾಪಸಾದ ಮೇಲೆ ಕೋಣೆ ಹುಡುಕಬೇಕಾಯಿತು. ಈ ಊರಿನ ಬಾಡಿಗೆ ಜಾಹೀರಾತುಗಳಲ್ಲಿ ಕೆಲವು, ಭಾರತೀಯರಿಗೆ ಕೊಡುವುದಿಲ್ಲ ಎಂದು ಮೊದಲ ಸಾಲಿನಲ್ಲೇ ಹೇಳಿಬಿಡುತ್ತವೆ. ಉಳಿದವು ಫೋನಿನಲ್ಲಿ ಹೆಸರು ಕೇಳಿದ ಮೇಲೆ ಹೇಳುತ್ತವೆ. ಒಗ್ಗರಣೆಯ ವಾಸನೆ ಗೋಡೆಗೆ ಹತ್ತುತ್ತದಂತೆ. ವಾರಿಜಕ್ಕ ಬಳಗದ ವಾಟ್ಸಾಪ್ ಗುಂಪಿನಲ್ಲಿ ಕೇಳಿದರು. ನಾವೆಲ್ಲ ತುಂಬ ಸಹಾಯ ಮಾಡಿದೆವು. ಅಂದರೆ ಲಿಂಕ್ ಕಳಿಸಿದೆವು, ಕೈಮುಗಿಯುವ ಚಿತ್ರ ಹಾಕಿದೆವು. ನಮ್ಮ ಮನೆಯಲ್ಲೂ ಒಂದು ಖಾಲಿ ಕೋಣೆ ಇತ್ತು. ಆದರೆ ಅದರಲ್ಲಿ ಟ್ರೆಡ್‌ಮಿಲ್ ಇತ್ತು, ಟ್ರೆಡ್‌ಮಿಲ್ ಮೇಲೆ ಒಗೆದ ಬಟ್ಟೆಯ ರಾಶಿ ಇತ್ತು. ಅದನ್ನೆಲ್ಲ ಎಲ್ಲಿಗೆ ಸಾಗಿಸುವುದು?

ಆಗ ಸಿಕ್ಕಿದವರು ಸೋಮ್‌ಚಿತ್. ಎಲ್‌ಆರ್‌ಟಿ ರೈಲು ಸ್ಟೇಷನ್ನಿನ ಹತ್ತಿರ ಕಾಲು ಒತ್ತುವ ಮಸಾಜ್ ಅಂಗಡಿ ಇಟ್ಟಿರುವ, ಅರವತ್ತರ ಹತ್ತಿರದ ಹೆಂಗಸು. ಅಂಗಡಿಯಲ್ಲಿ ಕೆಲಸ ಮಾಡುವ ಮು, ನೋಕ್, ಕುಂಗ್ ಎಂಬ ಮೂವರೂ ಅವರ ಮನೆಯಲ್ಲೇ ಇರುತ್ತಾರೆ. ಕೋಣೆ ಕೇಳಲು ಹೋದ ವಾರಿಜಕ್ಕನ ಜಾತಿ, ಊರು, ಅಡುಗೆ, ಗಂಡ ಯಾವುದನ್ನೂ ಆಕೆ ವಿಚಾರಿಸಲಿಲ್ಲ. “ಚಪ್ಪಲಿ ಹೊರಗೆ ಬಿಡ್ತೀಯಾ?” ಎಂದು ಮಾತ್ರ ಕೇಳಿದರು. “ಹುಟ್ಟಿದಾಗಿನಿಂದ,” ಎಂದರು ವಾರಿಜಕ್ಕ. ಅಲ್ಲಿಗೆ ಸಂದರ್ಶನ ಮುಗಿಯಿತು. ವಾರಿಜಕ್ಕನ ಬಾಯಲ್ಲಿ ಸೋಮ್‌ಚಿತ್ ಅಂದೇ ಸೋಮಕ್ಕ ಆದರು.

ಆ ಮನೆಯ ರೀತಿನೀತಿಗಳನ್ನು ಯಾರೂ ಹೇಳಿಕೊಡುವುದಿಲ್ಲ; ತಪ್ಪು ಮಾಡಿ ಕಲಿಯಬೇಕು, ತಪ್ಪು ಮಾಡಿದ್ದೂ ಗೊತ್ತಾಗುವುದಿಲ್ಲ. ಕಸ ಗುಡಿಸದೆ ಬಿಟ್ಟ ಮೂಲೆಯೊಂದನ್ನು ವಾರಿಜಕ್ಕ ಒಂದು ಸಲ ಕಾಲಿನ ಹೆಬ್ಬೆರಳಿನಿಂದ ತೋರಿಸಿದರಂತೆ. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ಸಮೇತ ಎಲ್ಲ ನಿಂತಿತು. ಕಾಲಿನಿಂದ ಏನನ್ನೂ ತೋರಿಸಬಾರದು, ಮಲಗಿದವರನ್ನು ದಾಟಬಾರದು, ಕೂತ ಹಿರಿಯರ ಮುಂದೆ ಹಾಯುವಾಗ ಬೆನ್ನು ಬಗ್ಗಿಸಬೇಕು, ಊಟಕ್ಕೆ ಚಮಚ, ಫೋರ್ಕು ಎರಡೂ ಇದ್ದರೂ ಫೋರ್ಕು ಬಾಯಿಗೆ ಹೋಗಬಾರದು, ಚಮಚಕ್ಕೆ ಅನ್ನ ದೂಡುವುದಷ್ಟೇ ಅದರ ಉದ್ಯೋಗ. ಇದೆಲ್ಲವನ್ನೂ ಅವರು ಒಂದೊಂದಾಗಿ ಗ್ರಹಿಸಿದರು. ಮೀನಿನ ಸಾಸು ಮಾತ್ರ ಕಲಿಯುವ ಅಗತ್ಯ ಬೀಳಲಿಲ್ಲ. ಮಲ್ಪೆಯ ಬಂದರಿನ ಗಾಳಿ ಕುಡಿದು ಬೆಳೆದವರಿಗೆ ಅದು ತವರಿನ ವಾಸನೆ.

“ಕುಂಗ್ ಅಂದ್ರೆ ಸೀಗಡಿ ಅಂತೆ. ನೋಕ್ ಅಂದ್ರೆ ಹಕ್ಕಿ. ಮು ಅಂದ್ರೆ ಹಂದಿ ಅಂತೆ ನಾಣಿಯವರೇ! ಅಪ್ಪ ಅಮ್ಮ ಪ್ರೀತಿಯಿಂದ ಇಟ್ಟದ್ದಂತೆ,” ಎಂದು ಒಂದು ದಿನ ಬಿದ್ದು ಬಿದ್ದು ನಕ್ಕರು.

“ಛೆ, ಹಂದಿ ಅಂತ ಕರೆಯೋದಾ!”

“ಎಂತ ಛೆ? ನೀವು ಮಗಳಿಗೆ ಇಂಚರ ಅಂತ ಇಟ್ಟಿದ್ದೀರಿ. ಅದು ಬಾಯಿ ಬಿಡದೆ ಇಡೀ ದಿನ ಐಪ್ಯಾಡ್ ನೋಡ್ತದೆ. ಮು ನೋಡಿ, ಎಷ್ಟು ಚುರುಕು!”

ಅವರಿಗೆ ಕಲಿಯಲಾಗದ್ದು ಒಂದೇ, ದನಿ ತಗ್ಗಿಸುವುದು. ಆ ಮನೆಯಲ್ಲಿ ಜೋರಾಗಿ ಮಾತಾಡುವುದೆಂದರೆ ಬಟ್ಟೆ ಬಿಚ್ಚಿ ಓಡಾಡಿದ ಹಾಗೆ. ವಾರಿಜಕ್ಕ ಪಿಸುಗುಟ್ಟಿದರೂ ಎದುರುಮನೆಯ ಚೀನೀ ಅಂಕಲ್ ತಿರುಗಿ ನೋಡುತ್ತಾರೆ. “ದನಿ ದೇವರು ಕೊಟ್ಟದ್ದು, ಅಡ್ಜಸ್ಟ್ ಮಾಡ್ಕೊಳ್ಳಿ,” ಎಂದು ಅವರು ಅಚ್ಚ ಕನ್ನಡದಲ್ಲೇ ಹೇಳಿದರು. ಆ ನಾಲ್ವರೂ ನಕ್ಕು ಅಡ್ಜಸ್ಟ್ ಮಾಡಿಕೊಂಡರು.

ಮಾಡಿಕೊಳ್ಳದಿದ್ದವರು ನಾವು.

ಯಾರೋ ವಾರಿಜಕ್ಕನನ್ನು ಆ ಹೆಂಗಸರ ಜೊತೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ನೋಡಿದರು. ಇನ್ಯಾರೋ ಮನೆಯ ವಿಳಾಸ ಪತ್ತೆ ಮಾಡಿದರು. ‘ಮಸಾಜ್’ ಎಂಬ ಪದವನ್ನು ನಮ್ಮವರು ಹೇಳುವಾಗ ಹುಬ್ಬು ಮೇಲೆ ಹೋಗುತ್ತದೆ, ದನಿ ಕೆಳಗೆ ಬರುತ್ತದೆ. ಬಳಗದ ಸಮಿತಿ ಸೇರಿತು. ಮಹಿಳಾ ವಿಭಾಗದ ಅಧ್ಯಕ್ಷೆ ವಿನೋದಾ ವಿಷಯ ಮಂಡಿಸಿದರು. ವಿನೋದಾ ಕೆಟ್ಟವರಲ್ಲ. ಬಳಗದಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಅವರ ಮನೆಯ ತಿಳಿಸಾರು ಬರುತ್ತದೆ. ಆದರೆ ತಾವು ಸಾರು ಕೊಡುವವರು, ಉಳಿದವರು ಕುಡಿಯುವವರು ಎಂಬ ವ್ಯವಸ್ಥೆ ಅವರಿಗೆ ಸ್ವಲ್ಪ ಹೆಚ್ಚೇ ಒಗ್ಗಿಹೋಗಿದೆ.

“ಪಾಠದ ಬಗ್ಗೆ ನಂದೇನೂ ಕಂಪ್ಲೇಂಟ್ ಇಲ್ಲಪ್ಪ,” ಎಂದರು. “ಆದ್ರೆ ನಾಳೆ ನಮ್ಮ ಮಕ್ಳು, ಮಿಸ್ ಯಾರ ಜೊತೆ ಇದಾರೆ ಅಂದ್ರೆ ಏನ್ ಹೇಳೋಣ? ಒಂದೋ ಮನೆ ಚೇಂಜ್ ಮಾಡ್ಲಿ, ಇಲ್ಲಾಂದ್ರೆ ಕ್ಲಾಸು ನಮ್ಮ ವಿಭಾಗದ ಪೃಥ್ವಿ ತಗೋತಾಳೆ. ಅವ್ಳು ಪಿಪಿಟಿ ಎಲ್ಲಾ ಚೆನ್ನಾಗ್ ಮಾಡ್ತಾಳೆ.”

ಎಲ್ಲರೂ ಹೂಂ ಎಂದರು. ಬ್ಯಾಡ್ಮಿಂಟನ್ ಆಡಿ ಮಂಡಿ ಹಿಡಿದುಕೊಂಡಾಗಲೆಲ್ಲ ನಾನು ಸೋಮಕ್ಕನ ಅಂಗಡಿಯಲ್ಲೇ ಕಾಲು ಒತ್ತಿಸಿಕೊಂಡು ಬಂದವನು. ಆ ವಿಚಾರ ಅಜೆಂಡಾದಲ್ಲಿ ಇರಲಿಲ್ಲವಾಗಿ ನಾನೂ ಎತ್ತಲಿಲ್ಲ. ನಿರ್ಧಾರವನ್ನು ತಿಳಿಸಿ ಬರುವ ಕೆಲಸ ವಿನೋದಾ ಅವರಿಗೆ, ಮತ್ತು ಪ್ರಿಂಟರ್ ಇದ್ದ ಕಾರಣಕ್ಕೆ ನನಗೆ, ಬಿತ್ತು.

ಫೋನ್ ಮಾಡಿದಾಗ ವಾರಿಜಕ್ಕ, “ಗುರುವಾರ ಸಂಜೆ ಬನ್ನಿ. ಆ ದಿನ ಅಂಗಡಿಗೆ ರಜೆ, ಎಲ್ಲರೂ ಮನೆಯಲ್ಲಿ ಇರ್ತಾರೆ,” ಎಂದರು. ಎಲ್ಲರೂ ಇರುವುದು ನಮಗೆ ಬೇಕಿರಲಿಲ್ಲ. ಅವರಿಗೆ ಬೇಕಿತ್ತು.

ಗುರುವಾರ ಬಾಂಗ್ಸಾರ್‌ನ ಆಫೀಸಿನಿಂದ ನೇರ ಅಲ್ಲಿಗೆ ಹೋದೆ. ವಿನೋದಾ ಗೇಟಿನ ಬಳಿ ಕಾಯುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಚ್ಚಿ ಒಳಗೆ ಕಾಲಿಟ್ಟೆವೋ ಇಲ್ಲವೋ, ಗುಂಡುಗುಂಡಗಿನ ಮು ನನ್ನನ್ನು ನೋಡಿ ಕೈಮುಗಿದು ಅರಳಿದ ಮುಖದಿಂದ, “ಹಲೋ ಅಂಕಲ್! ನೀ ಪೇನ್ ಓಕೆ ಲಾ?” ಎಂದಳು.

ವಿನೋದಾ ನನ್ನ ಮಂಡಿಯನ್ನು ನೋಡಿದರು. ಆಮೇಲೆ ನನ್ನ ಮುಖವನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರನ್ನು ನೋಡಿದೆ.

ಒಳಗೆ ಚಾಪೆ ಹಾಸಿತ್ತು. ಎತ್ತರದ ಹಲಗೆಯ ಮೇಲೆ ಬುದ್ಧ, ಅವನ ಮುಂದೆ ದೀಪ. ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ ವಾರಿಜಕ್ಕ, ಭಾನುವಾರದ ಸೀರೆ ಉಟ್ಟು ಗುರುವಾರವೇ ಕುಳಿತಿದ್ದರು. “ಕೂತ್ಕೊಳ್ಳಿ. ಇವತ್ತು ಇವರಲ್ಲಿ ಗುರುವಿಗೆ ಕೈಮುಗಿಯುವ ಕ್ರಮ ಉಂಟಂತೆ. ಊರಲ್ಲಿ ಶಾಲೆ ಮಕ್ಕಳು ವರ್ಷಕ್ಕೊಮ್ಮೆ ಗುರುವಾರವೇ ಮಾಡುದಂತೆ. ನಾನು ಇವರಿಗೆ ಸ್ವಲ್ಪ ಇಂಗ್ಲಿಷು, ಮತ್ತೆ ಕಾಲಿನ ಯಾವ ನರ ಒತ್ತಬಾರದು, ಬಸುರಿಗೆ ಎಲ್ಲಿ ಮುಟ್ಟಬಾರದು ಅಂತ ಹೇಳಿಕೊಟ್ಟಿದ್ದೇನೆ. ಬೇಡ ಅಂದ್ರೂ ಕೇಳುದಿಲ್ಲ. ಐದು ನಿಮಿಷ ಇರಿ.”

ವಿನೋದಾ ಮಡಚಿ ಕೂತರು. ನಾನು ನೆಲದ ಮೇಲೆ ಕೂರದೆ ಎಷ್ಟೋ ವರ್ಷವಾಗಿತ್ತು. ಹೊಟ್ಟೆ ಒಪ್ಪಲಿಲ್ಲ, ಮಂಡಿ ಒಪ್ಪಲಿಲ್ಲ, ಕೊನೆಗೆ ಕಾಲು ನೀಡಿ ಗೋಡೆಗೊರಗಿದೆ. ಸೋಮಕ್ಕ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ. ಅವರು ಇನ್ನಷ್ಟು ನಕ್ಕರು.

“ನಾಣಿಯವರೇ,” ಎಂದರು ವಾರಿಜಕ್ಕ, ಅವರೂ ನಗುತ್ತಲೇ, “ಕಾಲು ಮಡಚಿ. ನೀವು ಆಗಿನಿಂದ ಬುದ್ಧನಿಗೆ ಒದೀತಾ ಇದ್ದೀರಿ.”

ಆಮೇಲೆ ನಾಲ್ವರೂ ಮಂಡಿಯೂರಿ, ಮಂಡಿಯ ಮೇಲೆಯೇ ಸರಿಯುತ್ತ ಬಂದರು. ಕೈಯಲ್ಲಿ ಬಾಳೆಎಲೆ ಹಾಸಿದ ತಟ್ಟೆ. ತಟ್ಟೆಯಲ್ಲಿ ಗರಿಕೆ, ಕೆಂಪು ಕೇಪುಳದ ಹೂವು, ಬದನೆಯ ನೇರಳೆ ಹೂವು, ಒಂದು ಹಿಡಿ ಅರಳು. ಗರಿಕೆ ನೋಡಿ ವಿನೋದಾ ನೆಟ್ಟಗಾದರು. ಗಣೇಶನ ಹಬ್ಬಕ್ಕೆ ಇದೇ ಗರಿಕೆ ಹುಡುಕಿಕೊಂಡು ಅವರು ಬ್ರಿಕ್‌ಫೀಲ್ಡ್ಸ್‌ವರೆಗೆ ಹೋಗುತ್ತಾರೆ. “ಬದನೆ ಹೂವು ಯಾಕೆ ಅಂದ್ರೆ, ಅದು ತಲೆ ತಗ್ಗಿಸಿಯೇ ಅರಳುದಂತೆ,” ಎಂದು ವಾರಿಜಕ್ಕ ಮೆಲ್ಲಗೆ, ಅಂದರೆ ಬೀದಿಗೆ ಕೇಳುವ ಹಾಗೆ, ವಿವರಿಸಿದರು. ಅವರಿಗಿಂತ ಹಿರಿಯಳಾದ ಸೋಮಕ್ಕನೂ ತಟ್ಟೆ ಹಿಡಿದು ಬಗ್ಗಿದಾಗ ಮಾತ್ರ ಅವರ ದನಿ ನಿಂತುಹೋಯಿತು.

ಬಂದ ಅತಿಥಿಗಳೂ ‘ಶಾಲೆಯವರು’ ಎಂದು ವಾರಿಜಕ್ಕ ಮೊದಲೇ ಹೇಳಿದ್ದರಂತೆ. ಹಾಗಾಗಿ ಕುಂಗ್ ತಟ್ಟೆಯಲ್ಲಿ ಉಳಿದಿದ್ದ ಹೂವು ತೆಗೆದುಕೊಂಡು ವಿನೋದಾ ಮುಂದೆ ಸರಿದು ಬಂದಳು; ಹೂವಿಟ್ಟು, ಕೈಜೋಡಿಸಿ, ಹಣೆ ನೆಲಕ್ಕೆ ತಾಗುವಂತೆ ಬಗ್ಗಿದಳು. ಮೂವತ್ತೂ ದಾಟದ ಹುಡುಗಿ ಕಾಲ ಬುಡದಲ್ಲಿ ಬಗ್ಗಿದಾಗ ನಮ್ಮ ಹೆಂಗಸರ ಕೈ ಅಪ್ಪಣೆಗೆ ಕಾಯುವುದಿಲ್ಲ. ವಿನೋದಾ ಅವರ ಬಲಗೈ ತಾನೇ ಎದ್ದಿತು, ಕುಂಗ್‌ಳ ನಡುನೆತ್ತಿಯ ಮೇಲೆ ಊರಿತು, “ಒಳ್ಳೇದಾಗ್ಲಿ ಕಣಮ್ಮ” ಎಂಬ ಮಾತೂ ಬಂತು. ಬಂದ ಕೆಲಸವನ್ನೇ ಆ ಗಳಿಗೆ ಅವರು ಮರೆತಿದ್ದರು.

ನೋಕ್ ಚಾಪೆ ನೋಡಿದಳು. ಮು ತುಟಿ ಕಚ್ಚಿಕೊಂಡಳು. ಕುಂಗ್ ಆ ಕೈಯಡಿಯಲ್ಲಿ ಕಲ್ಲಾಗಿ, ಕೈ ತೆಗೆದ ಮೇಲೆ ಮತ್ತೊಮ್ಮೆ ಕೈಮುಗಿದು, ನಗುತ್ತಲೇ ಎದ್ದು ಮಹಡಿ ಹತ್ತಿದಳು. ಮೇಲೆ ನೀರು ಬೀಳುವ ಸದ್ದು ಕೇಳಿಸಿತು. ನಿಂಬೆ ಹಾಕಿದ ಚಹಾ ಬಂತು, ಕುಡಿದು ಮುಗಿಯುವ ಹೊತ್ತಿಗೆ ಕುಂಗ್ ಇಳಿದು ಬಂದಳು. ತಲೆಗೂದಲಿಂದ ನೀರು ತೊಟ್ಟಿಕ್ಕುತ್ತಿತ್ತು.

ವಿನೋದಾ ಲೋಟ ಕೆಳಗಿಟ್ಟರು. “ವಾರಿಜಾ ಅವ್ರೇ, ನಾನ್ ಮುಟ್ಟಿದ್ದಕ್ಕೆ ತಲೆ ತೊಳ್ಕೊಂಡ್ ಬಂದ್ಲಾ ಅವ್ಳು?”

“ಹೌದು.”

“ನಾನು ಮುಟ್ಟಿದ್ದಕ್ಕೆ?!”

“ಹೌದು ವಿನೋದಾ. ಇವರಲ್ಲಿ ತಲೆ ಮುಟ್ಟಬಾರದು. ನಿಮ್ಮ ಮೇಲೆ ಸಿಟ್ಟಿಲ್ಲ ಅವಳಿಗೆ. ಮೈಲಿಗೆ ಆಯ್ತು, ತೊಳ್ಕೊಂಡ್ಳು. ನಮ್ಮ ಅಜ್ಜಿಯಂದಿರು ಎಷ್ಟು ಸಲ ತೊಳ್ಕೊಳ್ಳಲಿಲ್ಲ? ಒಂದ್ಸಲ ನಾವು ಮುಟ್ಟಿ ಬೇರೆಯವರು ತೊಳ್ಕೊಂಡದ್ದು, ಅಷ್ಟೇ.” ಇಷ್ಟು ಹೇಳಿ ವಾರಿಜಕ್ಕನಿಗೆ ನಗು ತಡೆಯಲಾಗಲಿಲ್ಲ; ಕುರ್ಚಿ ಅಲುಗಾಡುವಂತೆ ನಕ್ಕರು. ನನಗೂ ನಗು ಬಂತು. ಅದನ್ನು ನಾನು ಕೆಮ್ಮನ್ನಾಗಿ ಮಾಡಿಕೊಂಡೆ.

ವಿನೋದಾ ಕೆಂಪಾದರು. ಒಳ್ಳೆಯ ಮನಸ್ಸಿನಿಂದ ಚಾಚಿದ ಕೈಗೆ ಪೆಟ್ಟು ಬಿದ್ದಾಗ ಆಗುವ ಸಿಟ್ಟು ಬೇರೆಯದೇ. ಗೇಟಿನ ಬಳಿ, ಸಕ್ಕರೆ ಹಚ್ಚಿ ಹೇಳಬೇಕೆಂದು ನಾವಿಬ್ಬರೂ ಅಂದುಕೊಂಡಿದ್ದ ಮಾತು ಈಗ ಬರಿಯ ಮೆಣಸಾಗಿ ಬಂತು.

“ನೋಡಿ, ನಾನ್ ಸುತ್ತಿ ಬಳಸಿ ಹೇಳಲ್ಲ. ಈ ಮನೇಲಿ ಇದ್ಕೊಂಡು ನೀವು ನಮ್ಮ ಮಕ್ಳಿಗೆ ಪಾಠ ಮಾಡೋದು ಕಮಿಟಿಗೆ ಒಪ್ಪಿಗೆ ಇಲ್ಲ. ಈ ತಿಂಗಳು ಮನೆ ಖಾಲಿ ಮಾಡ್ತೀನಿ ಅಂದ್ರೆ ಸರಿ. ಇಲ್ಲಾಂದ್ರೆ ಈ ಭಾನುವಾರದಿಂದ್ಲೇ ಪೃಥ್ವಿ ಕ್ಲಾಸ್ ತಗೋತಾಳೆ. ಅಲ್ವಾ ನಾಣಿ?”

“ಅಂದ್ರೆ… ಒಂದು ಪ್ರಪೋಸಲ್…” ಎಂದೆ.

ವಾರಿಜಕ್ಕ ನಗುವುದನ್ನು ನಿಲ್ಲಿಸಿದರು. ಒಂದು ಕ್ಷಣ ಅವರ ಕೈ ಸೀರೆಯ ಮಡಿಕೆಯನ್ನು ಸುಮ್ಮನೆ ನೇವರಿಸಿತು. ಆ ಕ್ಲಾಸು ಅವರಿಗೆ ಏನಾಗಿತ್ತೆಂದು ನನಗೆ ಆ ಬೆರಳುಗಳನ್ನು ನೋಡಿಯೇ ಗೊತ್ತಾದದ್ದು.

“ಮನೆ ಬಿಡುದಿಲ್ಲ,” ಎಂದರು.

“ಹಾಗಾದ್ರೆ ಕ್ಲಾಸ್ ಬಿಡ್ತೀರಾ?”

“ಕ್ಲಾಸೂ ಬಿಡುದಿಲ್ಲ.”

“ಎರಡೂ ಹೇಗಾಗತ್ತೆ? ಹಾಲ್ ಬಳಗದ ಹೆಸ್ರಲ್ಲಿ ಬುಕ್ ಆಗಿರೋದು. ಕೀ ಕೊಡಿ.”

“ಕೀ ನಿಮ್ಮದು, ತಗೊಳ್ಳಿ. ಅಕ್ಷರವೂ ನಿಮ್ಮದಾ?” ಎಂದು ಪರ್ಸಿನಿಂದ ಕೀ ತೆಗೆದರು. ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. ಎದ್ದು ಬಂದು, ವಿನೋದಾ ಮುಂದೆ ಮಂಡಿ ಮಡಚಿ ಕೂತು, ಬಲಗೈಯ ಮೊಣಕೈಗೆ ಎಡಗೈ ಆನಿಸಿ, ಆ ಮನೆಯವರು ಹಿರಿಯರಿಗೆ ಕೊಡುವ ಹಾಗೆಯೇ ತಗ್ಗಿ ಕೀಯನ್ನು ಕೊಟ್ಟರು. ಮುಖದ ತುಂಬ ನಗು.

“ಯಾಕ್ ನಗ್ತಾ ಇದೀರಿ?”

“ಈ ಮನೆಯಲ್ಲಿ ಜಗಳ ಆಡುದು ಹೀಗೆ.”

ಕನ್ನಡ ಒಂದಕ್ಷರ ಬಾರದ ಸೋಮಕ್ಕನಿಗೆ ವಿಷಯ ಅರ್ಥವಾಗಿತ್ತು. ಅವರು ವಾರಿಜಕ್ಕನ ಬದಿಗೆ ಬಂದು ಅದೇ ರೀತಿ ಕೂತು ಅದೇ ರೀತಿ ನಗತೊಡಗಿದರು. ಮು ಬಂದಳು, ನೋಕ್ ಬಂದಳು, ಒದ್ದೆ ತಲೆಯ ಕುಂಗ್ ಬಂದಳು. ಐದು ಜನ ಸಾಲಾಗಿ ಕೂತು ನಗುವುದನ್ನು ಎದುರಿಸುವಷ್ಟು ಧೈರ್ಯ ನನ್ನ ಹತ್ತಿರ ಎಂದೂ ಇರಲಿಲ್ಲ. ನಾವಿಬ್ಬರೂ ಎದ್ದೆವು.

ಬಾಗಿಲಲ್ಲಿ ವಾರಿಜಕ್ಕ ಹಿಂದಿನಿಂದ ಹೇಳಿದರು: “ಸೆಕ್ರೆಟರಿಯವರೇ, ಗುಂಪಿನಲ್ಲಿ ಹಾಕಿ. ಭಾನುವಾರ ಅದೇ ಹೊತ್ತಿಗೆ, ಈ ಮನೆಯ ಪೋರ್ಚಿನಲ್ಲಿ. ಗೇಟು ತೆಗೆದಿರ್ತದೆ.”

“ಅಕ್ಕ, ಯಾರೂ ಬರದಿದ್ರೆ?” ಎಂದೆ.

“ಬರದಿದ್ರೆ ಎಂತ? ಪೋರ್ಚು ಖಾಲಿ ಇದ್ರೂ ಪಾಠ ಉಂಟು.”

ಗುಂಪಿನಲ್ಲಿ ನಾನು ಹಾಕಿದ್ದು ಒಂದೇ ಸಂದೇಶ: ಭಾನುವಾರದ ಕ್ಲಾಸು ಎಂದಿನಂತೆ ಹಾಲ್‌ನಲ್ಲಿ, ಪೃಥ್ವಿಯವರಿಂದ. 

ನನ್ನ ಹೆಂಡತಿ ಚೇತನ ಓದಿ, “ಎಂದಿನಂತೆ ಅಂತ ಬರೀತೀರಲ್ಲ, ನಾಚಿಕೆ ಇಲ್ವಾ?” ಎಂದಳು.

“ಮತ್ತೆ ಇಂಚರಾನ ಎಲ್ಲಿಗೆ ಕಳಿಸೋದು?”

“ಹಾಲ್‌ಗೇ. ವಿನೋದಾ ಮುಖ ದಿನಾ ಲಿಫ್ಟಲ್ಲಿ ನೋಡ್ಬೇಕಲ್ಲ ನಾನು.” ನಮ್ಮ ಮನೆಯಲ್ಲಿ ನಾಚಿಕೆ ಮತ್ತು ಲಿಫ್ಟಿನ ನಡುವೆ ಲಿಫ್ಟೇ ಗೆಲ್ಲುತ್ತದೆ.

ಭಾನುವಾರ ಇಂಚರಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಕೆಳಗೆ ಇಳಿದರೆ ಹಾಲ್, ಕಾರು ಬೇಕಿರಲಿಲ್ಲ. ಆದರೂ ಕಾರು ತೆಗೆದೆ. ಮೊದಲು ಪೆಟ್ರೋಲ್ ಹಾಕಿಸಿ ಬರೋಣ ಎಂದೆ. ಪೆಟ್ರೋಲ್ ಬಂಕಿಗೆ ಹೋಗುವ ದಾರಿ ಸೋಮಕ್ಕನ ಬೀದಿಯಲ್ಲಿ ಹಾಯುವುದಿಲ್ಲ. ಅಂದು ಹಾಯಿತು.

ದೂರದಿಂದಲೇ ದನಿ ಕೇಳಿಸಿತು. “ಅ!”

ಹಿಂದೆಯೇ ನಾಲ್ಕು ದನಿ, ರಾಗ ಎಳೆದು: “ಅ…!”

ಗೇಟು ಪೂರ್ತಿ ತೆರೆದಿತ್ತು. ಪೋರ್ಚಿನಲ್ಲಿ ಚಾಪೆ. ಒಂದು ಮಗುವೂ ಇರಲಿಲ್ಲ. ಚಾಪೆಯ ಮೇಲೆ ಸೋಮಕ್ಕ, ಮು, ನೋಕ್, ಕುಂಗ್ ಕಾಲು ಒಂದು ಬದಿಗೆ ಮಡಚಿ, ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡು ಕೂತಿದ್ದರು. ಹೂಕುಂಡಕ್ಕೆ ಒರಗಿಸಿದ ಬೋರ್ಡಿನ ಪಕ್ಕ ಸೀರೆಯುಟ್ಟ ವಾರಿಜಕ್ಕ ನಿಂತು, ಹಾಲ್ ತುಂಬ ಮಕ್ಕಳಿದ್ದಾಗ ಹೇಗೋ ಹಾಗೆಯೇ, ಒಂದು ಎಳೆಯೂ ಕಡಿಮೆ ಮಾಡದೆ ಕೂಗುತ್ತಿದ್ದರು. ಎದುರುಮನೆಯ ಚೀನೀ ಅಂಕಲ್ ಗಿಡಕ್ಕೆ ನೀರು ಬಿಡುವುದನ್ನು ಮರೆತು ತಮ್ಮ ಚಪ್ಪಲಿಗೆ ಬಿಟ್ಟುಕೊಂಡಿದ್ದರು.

“ಆ!”

“ಆ…!”

“ಅಪ್ಪಾ, ಸ್ಟಾಪ್,” ಎಂದಳು ಇಂಚರ.

“ಲೇಟಾಗತ್ತೆ ಕಂದ, ಹಾಲ್‌ನಲ್ಲಿ ಪೃಥ್ವಿ ಆಂಟಿ…”

“ದಟ್ಸ್ ಮೈ ಮಿಸ್.”

“ವಿನೋದಾ ಆಂಟಿ ಬೇಜಾರ್ ಮಾಡ್ಕೋತಾರೆ.”

“ಸೋ?”

ಬ್ರೇಕ್ ಹಾಕಿದೆ. ಹನ್ನೆರಡು ವರ್ಷದ ಹುಡುಗಿ ಇಳಿದು, ಹಿಂದೆ ನೋಡದೆ ಒಳಗೆ ಹೋದಳು. ಮು ಸರಿದು ಜಾಗ ಮಾಡಿಕೊಟ್ಟಳು. ವಾರಿಜಕ್ಕ ಓಡಿಬಂದು ತಬ್ಬಿಕೊಳ್ಳುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾರೆ ಎಂದೆಲ್ಲ ನಾನು ಕಾರಿನೊಳಗೇ ಕೂತು ಭಾವುಕನಾಗಿದ್ದೆ.

“ಸ್ಲೇಟ್ ಎಲ್ಲಿ?” ಎಂದರು ಅವರು.

“ಐ ಫರ್ಗಾಟ್, ಮಿಸ್.”

“ಮರೆತದ್ದಾದ್ರೆ ಕನ್ನಡದಲ್ಲಿ ಮರಿ.”

“ಮರೆತೋಯ್ತು, ಮಿಸ್.”

“ಹಾಂ. ಕೂತ್ಕೋ.” ಆಮೇಲೆ ಬೀದಿಯತ್ತ ತಿರುಗಿ, “ಸೆಕ್ರೆಟರಿಯವರೇ! ಗಾಡಿ ಗೇಟಿಗೆ ಅಡ್ಡ ಉಂಟು. ಒಂದೋ ಒಳಗೆ ಬನ್ನಿ, ಇಲ್ಲ ಮುಂದೆ ಹೋಗಿ. ಬರುವ ಮಕ್ಕಳಿಗೆ ದಾರಿ ಬೇಕು.”

ಬೀದಿಯ ಈ ತುದಿಯಿಂದ ಆ ತುದಿಗೆ ಬರುವ ಮಕ್ಕಳು ಯಾರೂ ಕಾಣಲಿಲ್ಲ. ಆದರೆ ಆ ಹೆಂಗಸು ಹೇಳಿದ ರೀತಿಗೆ ನಾನೂ ಒಮ್ಮೆ ಕನ್ನಡಿಯಲ್ಲಿ ಹಿಂದೆ ನೋಡಿದೆ. ಕಾರನ್ನು ಮುಂದೆ ತಂದು, ಯಾರ ಕಣ್ಣಿಗಾದರೂ ಬೀಳುವಂತೆ ಬೀದಿಯ ಬದಿಯಲ್ಲಿ ನಿಲ್ಲಿಸಿ, ಬಂದು ಚಾಪೆಯ ತುದಿಯಲ್ಲಿ ಕಾಲು ಮಡಚಲು ಹೆಣಗಾಡಿದೆ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು.

“ಯಾರದ್ದು?” ಎಂದರು ವಾರಿಜಕ್ಕ.

“ವಿನೋದಾ ಅವರದ್ದು. ಹಾಲ್‌ನಲ್ಲಿ ಕಾಯ್ತಾ ಇದಾರೆ ಅನ್ಸತ್ತೆ. ಆಮೇಲೆ ಮಾಡ್ತೀನಿ ಬಿಡಿ…”

“ಕೊಡಿ ಇಲ್ಲಿ.”

ಕೊಟ್ಟೆ. ಅವರು ಬಳಪ ಹಿಡಿದ ಕೈಯಲ್ಲೇ ಫೋನು ಕಿವಿಗಿಟ್ಟು, ಮುಖದ ತುಂಬ ನಗುತ್ತ, ಫೋನಿಲ್ಲದೆಯೂ ಹಾಲ್‌ಗೆ ಕೇಳಿಸಬಹುದಾದ ದನಿಯಲ್ಲಿ ಹೇಳಿದರು:

“ಹಲೋ ವಿನೋದಾ, ನಾನು ವಾರಿಜಾ. ನಿಮ್ಮ ಸೆಕ್ರೆಟರಿ ನನ್ನ ಕ್ಲಾಸಿನಲ್ಲಿ ಇದ್ದಾರೆ. ಪಾಠ ಮುಗಿಯುವವರೆಗೆ ಮಾತಾಡ್ಲಿಕ್ಕೆ ಆಗುದಿಲ್ಲ. ಹಾಂ, ಪೋರ್ಚಿನಲ್ಲೇ. ನಿಮ್ಮ ಮಗನನ್ನೂ ಕಳಿಸಿ, ಅವನ ಳಕಾರ ಇನ್ನೂ ಸರಿಯಾಗ್ಲಿಲ್ಲ.”

ಫೋನನ್ನು ನನ್ನ ಕೈಗೆ ಹಾಕಿ, ಬೋರ್ಡಿನತ್ತ ತಿರುಗಿ, ದೊಡ್ಡದಾಗಿ ‘ಇ’ ಎಂದು ಬರೆದರು.